ವಾರದ ಮಧ್ಯದ ಪ್ರಾರ್ಥನಾ ಗುಂಪು: ಸಿಗುವ ಒಂದು ಗಂಟೆಯನ್ನು ಹೇಗೆ ಹಂಚುವುದು?

ಸಾಸಿವೆಕಾಳು

ಎಲ್ಲರಿಗೂ ವಂದನೆಗಳು. ನಮ್ಮ ಕ್ರೈಸ್ತ ಸಭೆಯಲ್ಲಿ ಕೆಲಸಕ್ಕೆ ಹೋಗುವವರಿಗೆಂದೇ ವಾರದ ಮಧ್ಯೆ ಒಂದು ಸಂಜೆ ಪ್ರಾರ್ಥನಾ ಗುಂಪು ಶುರು ಮಾಡಬೇಕೆಂದು ತೀರ್ಮಾನವಾಗಿದೆ. ನಡೆಸುವ ಹೊಣೆ ನನ್ನದು. ಹತ್ತು ಹನ್ನೆರಡು ಮಂದಿ ಬರಬಹುದು, ಇಬ್ಬರು ಮೂವರು ವೀಡಿಯೋ ಕಾಲ್‌ನಲ್ಲಿ. ಇರುವುದು ಒಂದೇ ಗಂಟೆ.

ಭಾನುವಾರದ ಪ್ರಸಂಗವನ್ನೇ ಇಲ್ಲೂ ಮಾಡಿದರೆ ಎರಡನೇ ವಾರಕ್ಕೆ ಯಾರೂ ಇರುವುದಿಲ್ಲ. ಬೈಬಲ್ ವಾಕ್ಯವನ್ನು ನಿಧಾನವಾಗಿ ಓದಿ, ಸ್ವಲ್ಪ ಮೌನವಾಗಿದ್ದು, ಆಮೇಲೆ ಒಬ್ಬರಿಗೊಬ್ಬರು ಪ್ರಾರ್ಥಿಸುವ ಹಾಗೆ ಮಾಡುವ ಯೋಚನೆ ಇದೆ. ಯಾವುದಕ್ಕೆ ಎಷ್ಟು ನಿಮಿಷ ಕೊಡಬೇಕು? ಯಾವ ಭಾಗಗಳಿಂದ ಶುರು ಮಾಡಿದರೆ ಒಳ್ಳೆಯದು? "ಮೌನ ಧ್ಯಾನ ನಮ್ಮ ಸಂಪ್ರದಾಯದ್ದಲ್ಲ" ಎಂದು ಈಗಾಗಲೇ ಇಬ್ಬರು ಗೊಣಗಿದ್ದಾರೆ, ಅವರಿಗೆ ಏನು ಹೇಳಲಿ? ಯಾರಾದರೂ ತೀರಾ ಭಾರವಾದ ವಿಷಯ ಹೇಳಿಕೊಂಡರೆ ಎಲ್ಲಿಯವರೆಗೆ ಕೈಹಾಕಬಹುದು? ವಾಟ್ಸಾಪ್ ಗುಂಪು ಬೇಕೋ ಬೇಡವೋ?

ಕೊನೆಬೆಂಚು

ಮೊದಲು ಸಮಯದ ಲೆಕ್ಕ. 60 ನಿಮಿಷ ಅಂತೀರಿ, ಕೈಗೆ ಸಿಗುವುದು 52. ಉಳಿದದ್ದು ತಡವಾಗಿ ಬರುವವರಿಗೆ, ಕುರ್ಚಿ ಎಳೆಯುವುದಕ್ಕೆ, "ಹೇಗಿದ್ದೀರಿ" ಅನ್ನುವುದಕ್ಕೆ ಹೋಗುತ್ತದೆ. ಹಾಗಾಗಿ ಕೂತು ಸುಧಾರಿಸಿಕೊಳ್ಳಲು 5 ನಿಮಿಷ, ವಾಕ್ಯಕ್ಕೆ 25, ವಿಜ್ಞಾಪನೆಗೆ (ಒಬ್ಬರಿಗೊಬ್ಬರು ಪ್ರಾರ್ಥಿಸುವುದಕ್ಕೆ) 18, ಕರ್ತನ ಪ್ರಾರ್ಥನೆ ಮತ್ತು ಆಶೀರ್ವಾದಕ್ಕೆ 4. ಹಾಡು ಬೇಕೆಂದರೆ ಒಂದೇ ಹಾಡು, ಎರಡೇ ಚರಣ, ಅದೂ ಆ ಮೊದಲ 5 ನಿಮಿಷದೊಳಗೆ.

ವಾಕ್ಯದ 25 ನಿಮಿಷ ಹೀಗೆ ನಡೆಯುತ್ತದೆ. 5ರಿಂದ 14 ವಚನದ ಒಂದು ಭಾಗ, ಮೂರು ಸಲ ಓದು, ಮೂರು ಬೇರೆ ಬೇರೆ ದನಿಗಳಲ್ಲಿ. ನಿಧಾನವಾಗಿ ಓದಿದರೆ ಒಂದು ಓದಿಗೆ ಸುಮಾರು 2 ನಿಮಿಷ. ಮೊದಲ ಓದು ಸುಮ್ಮನೆ ಕೇಳುವುದಕ್ಕೆ, ಅದಾದ ಮೇಲೆ 1 ನಿಮಿಷ ಮೌನ. ಎರಡನೇ ಓದಿನ ನಂತರ 3 ನಿಮಿಷ ಮೌನ, ಆಮೇಲೆ ಮನಸ್ಸನ್ನು ಹಿಡಿದ ಒಂದು ಪದವನ್ನೋ ನುಡಿಗಟ್ಟನ್ನೋ ಪ್ರತಿಯೊಬ್ಬರೂ ಹೇಳುವುದು. ಪದ ಮಾತ್ರ, ವಿವರಣೆ ಇಲ್ಲ. ಇದಕ್ಕೆ 3 ನಿಮಿಷ ಸಾಕು. ಮೂರನೇ ಓದಿನ ನಂತರ 4 ನಿಮಿಷ ಮೌನ, ಕೊನೆಗೆ 8 ನಿಮಿಷ "ಈ ವಾರದ ನನ್ನ ಬದುಕಿಗೆ ಇದು ಏನು ಹೇಳುತ್ತಿದೆ" ಎಂದು ಒಂದೆರಡು ವಾಕ್ಯ. "ನಾನು ಹೇಳುವುದಿಲ್ಲ, ಮುಂದಿನವರು" ಅನ್ನಲು ಎಲ್ಲರಿಗೂ ಹಕ್ಕಿದೆ ಎಂದು ಮೊದಲೇ ಹೇಳಿಬಿಡಿ. ಆ ಹಕ್ಕು ಇದ್ದರೇನೇ ಸಂಕೋಚದವರು ಮತ್ತೆ ಬರುವುದು.

ಕೆಡುವುದು ಎಲ್ಲಿ ಅಂದರೆ ಮುಂದಾಳಿನ ಬಾಯಲ್ಲಿ. ಯಾರೋ ಒಬ್ಬರು ಅಳುಕುತ್ತಾ ಒಂದು ಮಾತು ಹೇಳುತ್ತಾರೆ, ಮುಂದಾಳು "ಹೌದು, ಇದರ ಅರ್ಥ ಏನಪ್ಪಾ ಅಂದರೆ" ಎಂದು ಶುರು ಹಚ್ಚುತ್ತಾರೆ. ಅಲ್ಲಿಗೆ ಮುಗಿಯಿತು, ಉಳಿದವರೆಲ್ಲ ಅವತ್ತಿಗೆ ಕೇಳುಗರು. ಹಂಚಿಕೊಂಡ ಮಾತಿಗೆ ಯಾರೂ ಉತ್ತರ ಕೊಡಬಾರದು, ತಿದ್ದಬಾರದು, "ನನಗೂ ಹಾಗೇ ಆಯ್ತು" ಅನ್ನಲೂಬಾರದು. ವಾಕ್ಯವನ್ನು ಯಾರಾದರೂ ತೀರಾ ತಪ್ಪಾಗಿ ಹಿಡಿದಿದ್ದರೆ ಗುಂಪು ಮುಗಿದ ಮೇಲೆ ಒಬ್ಬರೇ ಸಿಕ್ಕಾಗ ಮಾತಾಡಿ.

ಓದುವವರಿಗೆ ಒಂದು ದಿನ ಮುಂಚೆ ಭಾಗ ತಿಳಿಸಿ. ಹಳೆಯ ಕನ್ನಡ ಅನುವಾದದಲ್ಲಿ ವಾಕ್ಯಗಳು ಉದ್ದ, ನಡುವೆ ಉಸಿರು ಸಾಲುವುದಿಲ್ಲ. ಎಲ್ಲಿ ನಿಲ್ಲಬೇಕೆಂದು ಪೆನ್ಸಿಲಿನಲ್ಲಿ ಗೆರೆ ಹಾಕಿಕೊಳ್ಳಲಿ. ವಚನಸಂಖ್ಯೆ ಬಂದಲ್ಲೆಲ್ಲ ನಿಲ್ಲುವ ಅಭ್ಯಾಸ ಬಹಳ ಜನರಿಗಿದೆ, ಅದರಿಂದ ಅರ್ಥ ತುಂಡಾಗುತ್ತದೆ. ಸಂಖ್ಯೆಗಳನ್ನು ತೆಗೆದು ಒಂದೇ ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಮುದ್ರಿಸಿ ಕೊಟ್ಟರೆ ಅರ್ಧ ತೊಂದರೆ ಅಲ್ಲಿಗೇ ಕಳೆಯಿತು. ಹಾಳೆ ಇದ್ದರೆ ಮೊಬೈಲ್ ತೆಗೆಯುವ ನೆಪವೂ ಇರುವುದಿಲ್ಲ. ಎಲ್ಲರ ಕೈಯಲ್ಲೂ ಒಂದೇ ಅನುವಾದ ಇರಲಿ, ಇಲ್ಲವಾದರೆ ಎರಡನೇ ಸುತ್ತಿನಲ್ಲಿ "ನನ್ನದರಲ್ಲಿ ಹಾಗಿಲ್ಲವಲ್ಲ" ಎಂಬ ಚರ್ಚೆ ಗ್ಯಾರಂಟಿ.

ಮೌನ ಶುರುವಾಗುವ ಮುನ್ನ "ಈಗ ಮೂರು ನಿಮಿಷ" ಎಂದು ಬಾಯಿಬಿಟ್ಟು ಹೇಳಿ. ಯಾವಾಗ ಮುಗಿಯುತ್ತದೆಂದು ಗೊತ್ತಿಲ್ಲದ ಮೌನದಲ್ಲಿ ಹೊಸಬರು ಪ್ರಾರ್ಥಿಸುವುದಿಲ್ಲ, ಕಾಯುತ್ತಾರೆ. ಟೈಮರನ್ನು ವೈಬ್ರೇಶನ್‌ಗೆ ಇಟ್ಟು ಮುಂದಾಳು ಕೈಯಲ್ಲೇ ಹಿಡಿದಿರಲಿ. ಮೇಜಿನ ಮೇಲಿಟ್ಟರೆ ಅದರ ಗುಂಯ್ ಸದ್ದಿಗೆ ಎಲ್ಲರೂ ಬೆಚ್ಚುತ್ತಾರೆ.

ಮೊದಲ ತಿಂಗಳು ಕಥಾಭಾಗಗಳನ್ನೇ ಹಿಡಿಯಿರಿ: ಮಾರ್ಕ 10:46–52, ಮಾರ್ಕ 4:35–41, ಲೂಕ 10:38–42, ಯೋಹಾನ 21:1–14. ರೋಮಾಪುರದವರಿಗೆ ಬರೆದ ಪತ್ರ ಬೇಡವೆಂದಲ್ಲ. ಅಲ್ಲಿ ವಾದ ಅಧ್ಯಾಯದಿಂದ ಅಧ್ಯಾಯಕ್ಕೆ ಬೆಳೆಯುತ್ತಾ ಹೋಗುತ್ತದೆ, ಎಂಟು ವಚನ ಕತ್ತರಿಸಿಕೊಟ್ಟರೆ ಜನ ತಮಗೆ ಬೇಕಾದ ಅರ್ಥ ಹಚ್ಚುತ್ತಾರೆ. ಅದನ್ನು ಅಧ್ಯಯನದ ದಿನಕ್ಕೆ ಇಟ್ಟುಕೊಳ್ಳಿ.

ಮೂರನೇ ಜಾವ

ಗೊಣಗುವವರ ವಿಚಾರಕ್ಕೆ ಬರುತ್ತೇನೆ. ಅವರ ಆತಂಕವನ್ನು ನಕ್ಕು ತಳ್ಳಿಹಾಕಬೇಡಿ. ಮನಸ್ಸನ್ನು ಖಾಲಿ ಮಾಡುವುದೇ ಗುರಿ ಎಂದು ಅವರು ತಿಳಿದಿರಬಹುದು. ಇಲ್ಲಿ ಆಗುವುದು ಅದಲ್ಲ, ಓದಿದ ವಾಕ್ಯ ಬಾಯಲ್ಲಿ, ಮನಸ್ಸಿನಲ್ಲಿ ಉಳಿದಿರುತ್ತದೆ. ಕೊನೆಬೆಂಚು ಹೇಳಿದ ಕ್ರಮಕ್ಕೆ ಓದು, ಮನನ, ಪ್ರಾರ್ಥನೆ, ದರ್ಶನ ಎಂಬ ನಾಲ್ಕು ಮೆಟ್ಟಿಲಿನ ರೂಪ ಕೊಟ್ಟದ್ದು 12ನೇ ಶತಮಾನದ ಕಾರ್ಥೂಸಿಯನ್ ಸಂನ್ಯಾಸಿ ಎರಡನೇ ಗಿಗೋ. ಆರನೇ ಶತಮಾನದ ಬೆನೆಡಿಕ್ಟರ ಮಠಗಳಲ್ಲೇ ದಿನಕ್ಕೆ ಇಷ್ಟು ಹೊತ್ತು ಇಂಥ ಓದಿಗೆಂದು ಮೀಸಲಿತ್ತು.

"ಅದು ಮಠದವರದು, ನಮ್ಮದಲ್ಲ" ಅಂದರೆ ಪ್ರೊಟೆಸ್ಟಂಟ್ ಸುಧಾರಣೆ ಶುರು ಮಾಡಿದ ಲೂಥರನನ್ನು ತೋರಿಸಿ. ಪ್ರಾರ್ಥಿಸುವುದು ಹೇಗೆಂದು ಕೇಳಿದ ತನ್ನ ಕ್ಷೌರಿಕ ಪೇತ್ರನಿಗೆ 1535ರಲ್ಲಿ ಆತ ಬರೆದುಕೊಟ್ಟ ವಿಧಾನವೂ ಹೆಚ್ಚು ಕಡಿಮೆ ಇದೇ. ಹತ್ತು ಆಜ್ಞೆಗಳಲ್ಲಿ ಒಂದನ್ನು ತೆಗೆದುಕೊಂಡು ಅದನ್ನು ನಾಲ್ಕು ಎಳೆಯಾಗಿ ಬಿಡಿಸು ಅನ್ನುತ್ತಾನೆ: ಇದು ನನಗೆ ಏನು ಕಲಿಸುತ್ತದೆ, ಯಾವುದಕ್ಕೆ ಕೃತಜ್ಞತೆ ಹೇಳಲಿ, ಯಾವುದನ್ನು ಅರಿಕೆ ಮಾಡಲಿ, ಏನನ್ನು ಬೇಡಲಿ. ನಡುವೆ ಒಳ್ಳೆಯ ಆಲೋಚನೆಗಳು ಹರಿದು ಬಂದರೆ ಉಳಿದದ್ದನ್ನು ಬಿಟ್ಟು ಸುಮ್ಮನಿದ್ದು ಆಲಿಸು ಎಂದೂ ಸೇರಿಸುತ್ತಾನೆ. ಮನಸ್ಸು ಅಲೆಯುವ ಬಗ್ಗೆ ಹೇಳುವಾಗ ಪೇತ್ರನ ಕಸುಬನ್ನೇ ಎತ್ತಿಕೊಳ್ಳುತ್ತಾನೆ: ಕತ್ತಿ ಹಿಡಿದು ಹರಟೆಗೆ ಇಳಿದವನು ಗಿರಾಕಿಯ ಮೂಗನ್ನೋ ಬಾಯನ್ನೋ ಕೊಯ್ದಾನು. ಪ್ರೊಟೆಸ್ಟಂಟ್ ಸಭೆಯಲ್ಲಿ ಈ ನಾಲ್ಕು ಎಳೆಯನ್ನು ಮೂರನೇ ಓದಿನ ನಂತರದ ಮೌನಕ್ಕೆ ಕೊಟ್ಟುಬಿಡಿ. ಏನು ಮಾಡಬೇಕೆಂದು ತಿಳಿಯದೆ ಕೂರುವವರಿಗೆ ಒಂದು ಹಿಡಿ ಸಿಗುತ್ತದೆ.

ಆದರೂ ಮೌನವನ್ನೇ ನೆಚ್ಚಿಕೊಂಡು ಗುಂಪು ಕಟ್ಟಬೇಡಿ. ಕೊನೆಬೆಂಚು ವಿಜ್ಞಾಪನೆಯ 18 ನಿಮಿಷವನ್ನು ಹಾಗೇ ಬಿಟ್ಟುಬಿಟ್ಟರು, ಗುಂಪು ಉಳಿಯುವುದೂ ಒಡೆಯುವುದೂ ಅಲ್ಲೇ. ಸಾಮಾನ್ಯವಾಗಿ "ಪ್ರಾರ್ಥನಾ ವಿಷಯಗಳಿದ್ದರೆ ಹೇಳಿ" ಅನ್ನುತ್ತೇವೆ. ಹದಿನೈದು ನಿಮಿಷ ಆಸ್ಪತ್ರೆ, ಆಫೀಸು, ಮಾವನ ಮನೆ ಎಲ್ಲದರ ವಿವರಣೆ, ಕೊನೆಗೆ ಮೂರು ನಿಮಿಷದಲ್ಲಿ ಒಬ್ಬರೇ ಎಲ್ಲವನ್ನೂ ಒಟ್ಟು ಸೇರಿಸಿ ಮುಗಿಸುತ್ತಾರೆ, ನಡುವೆ ಒಬ್ಬಿಬ್ಬರ ವಿಷಯ ಮರೆತೇ ಹೋಗಿರುತ್ತದೆ. ಇದನ್ನು ತಿರುಗಿಸಿ. ಒಬ್ಬರು ಒಂದು ವಾಕ್ಯದಲ್ಲಿ ವಿಷಯ ಹೇಳಲಿ, ಎಡಗಡೆ ಕೂತವರು ಕೂಡಲೇ ಅರ್ಧ ನಿಮಿಷ ಪ್ರಾರ್ಥಿಸಲಿ, ಎಲ್ಲರೂ "ಆಮೆನ್" ಅನ್ನಲಿ, ಮುಂದಕ್ಕೆ. ಹನ್ನೆರಡು ಮಂದಿಗೆ 15 ನಿಮಿಷ ಬೇಕಾದೀತು. ಬಾಯಿಬಿಟ್ಟು ಪ್ರಾರ್ಥಿಸಲು ಹೆದರುವವರಿಗೆ ಒಂದು ಸಿದ್ಧ ವಾಕ್ಯ ಕೊಡಿ: "ಕರ್ತನೇ, ಇವರ ಜೊತೆಗಿರು, ಇವರಿಗೆ ಬೇಕಾದದ್ದು ನಿನಗೆ ಗೊತ್ತು." ಇಷ್ಟೇ ಸಾಕು.

ಒಂದು ನೋಟ್‌ಬುಕ್ ಇರಲಿ: ದಿನಾಂಕ, ವಿಷಯ, ಮುಂದೇನಾಯಿತು. ತಿಂಗಳಿಗೊಮ್ಮೆ ಐದು ನಿಮಿಷ ತಿರುವಿಹಾಕಿ. ಈ ಕೆಲಸ ಮಾಡದ ಗುಂಪಿನಲ್ಲಿ ಪ್ರಾರ್ಥನೆ ಕಾಟಾಚಾರವಾಗುತ್ತದೆ. ಹೋದ ತಿಂಗಳು ಯಾರಿಗಾಗಿ ಬೇಡಿದೆವೆಂದು ನಮಗೇ ನೆನಪಿಲ್ಲದಿದ್ದರೆ ಹೇಗೆ? "ಏನೂ ಆಗಿಲ್ಲ" ಎಂದೂ ಬರೆಯಿರಿ, ಅದನ್ನು ಮುಚ್ಚಿಡಬೇಡಿ.

ಸಂಖ್ಯೆಯ ಬಗ್ಗೆ: ಹನ್ನೆರಡು ಮಿತಿ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ, ಮೆಥಡಿಸ್ಟ್ ಪಂಥ ಶುರು ಮಾಡಿದ ಜಾನ್ ವೆಸ್ಲಿಯ ಜನ ಕಟ್ಟಡದ ಸಾಲ ತೀರಿಸಲು ಹನ್ನೆರಡು ಹನ್ನೆರಡು ಮಂದಿಯ ಗುಂಪು ಮಾಡಿ, ಒಬ್ಬೊಬ್ಬ ಮುಂದಾಳು ವಾರಕ್ಕೊಂದು ಪೆನ್ನಿ ಸಂಗ್ರಹಿಸಲು ಮನೆಮನೆಗೆ ಹೋಗತೊಡಗಿದರು. ಕಾಸಿಗಾಗಿ ಬಾಗಿಲು ತಟ್ಟಿದವರಿಗೆ ಒಳಗಿನ ಕುಡಿತ, ಜಗಳ, ಕಾಯಿಲೆ ಎಲ್ಲ ಕಂಡಿತು. ಸಾಲದ ವ್ಯವಸ್ಥೆಯೇ ಪಾಲನೆಯ ವ್ಯವಸ್ಥೆಯಾಯಿತು. ನಿಮಗೂ ಇದು ಅನ್ವಯಿಸುತ್ತದೆ: ಬುಧವಾರವೋ ಗುರುವಾರವೋ ಎರಡು ವಾರ ಬಾರದವರಿಗೆ ಮುಂದಾಳೇ ಫೋನ್ ಮಾಡಬೇಕು. "ಯಾಕೆ ಬರಲಿಲ್ಲ" ಅಂತಲ್ಲ, "ಹೇಗಿದ್ದೀರಿ" ಅಂತ. ಸಹಾಯಕರೊಬ್ಬರು ಮೊದಲ ದಿನದಿಂದಲೇ ಇರಲಿ. ಹದಿನಾಲ್ಕು ದಾಟಿದಾಗ ಆ ಸಹಾಯಕರು ನಾಲ್ಕೈದು ಮಂದಿಯೊಂದಿಗೆ ಬೇರೆ ಗುಂಪು ಶುರು ಮಾಡಬಹುದು. ಮೊದಲೇ ಹೇಳಿರದಿದ್ದರೆ "ನಮ್ಮನ್ನು ಹೊರಗೆ ಹಾಕಿದರು" ಎಂಬ ಮುನಿಸು ಖಂಡಿತ.

ತೆರೆದ ಬಾಗಿಲು

ಭಾರವಾದ ವಿಷಯಗಳ ಬಗ್ಗೆ ಕೇಳಿದಿರಿ. ಇದನ್ನು ಮೊದಲ ಸಂಜೆಯೇ ಸ್ಪಷ್ಟಪಡಿಸಿ: ಇಲ್ಲಿ ಹೇಳಿದ್ದು ಇಲ್ಲೇ ಉಳಿಯುತ್ತದೆ, ಎರಡು ಸಂದರ್ಭ ಬಿಟ್ಟು. ಯಾರಾದರೂ ಜೀವ ಕಳೆದುಕೊಳ್ಳುವ ಅಪಾಯದಲ್ಲಿದ್ದರೆ, ಅಥವಾ ಮಗುವಿಗೋ ಅಸಹಾಯಕರಿಗೋ ಹಿಂಸೆ ನಡೆಯುತ್ತಿದ್ದರೆ ಗುಟ್ಟು ಇರುವುದಿಲ್ಲ. ಹೇಳಿಕೊಂಡ ಮೇಲೆ ಈ ನಿಯಮದ ಮಾತೆತ್ತಿದರೆ ನಂಬಿಕೆದ್ರೋಹ ಅನಿಸುತ್ತದೆ. ಮಕ್ಕಳ ಮೇಲಿನ ದೌರ್ಜನ್ಯದ ಸುಳಿವು ಸಿಕ್ಕರೆ "ಸಭೆಯೊಳಗೇ ಸರಿಮಾಡೋಣ" ಅನ್ನುವ ಮಾತೇ ಬೇಡ. ಅದು ಕಾನೂನು ನೋಡಿಕೊಳ್ಳುವವರ ಕೈಗೆ ಹೋಗಬೇಕು, ಅದೇ ದಿನ.

"ಬದುಕಿರುವುದೇ ಬೇಡ" ಎಂದು ಯಾರಾದರೂ ಅಂದರೆ ವಚನ ಹೇಳುವ ಮುನ್ನ ನೇರವಾಗಿ ಕೇಳಿ: "ಸಾಯುವ ಯೋಚನೆ ಬರುತ್ತಿದೆಯಾ? ಹೇಗೆ ಅಂತ ಯೋಚಿಸಿದ್ದೀರಾ?" ಕೇಳಿದರೆ ಆ ಯೋಚನೆ ತಲೆಗೆ ತುಂಬುತ್ತೇವೇನೋ ಎಂಬ ಭಯ ಬಹಳ ಜನರಿಗಿದೆ, ಅದು ಹಾಗಲ್ಲ. ಹೌದು ಎಂದರೆ ಅವರನ್ನು ಒಂಟಿಯಾಗಿ ಮನೆಗೆ ಕಳಿಸಬೇಡಿ. ಒಬ್ಬರು ಜೊತೆಯಲ್ಲಿರಲಿ, ಇನ್ನೊಬ್ಬರು ಮನೆಯವರಿಗೂ ವೈದ್ಯರಿಗೂ ಅಥವಾ ತುರ್ತು ಸಹಾಯವಾಣಿಗೂ ಫೋನ್ ಮಾಡಲಿ. ಆ ಸಂಖ್ಯೆಗಳು ಮುಂದಾಳಿನ ಮೊಬೈಲಿನಲ್ಲಿ ಮೊದಲೇ ಇರಬೇಕು, ಆಗ ಹುಡುಕುತ್ತಾ ಕೂರಬಾರದು.

ಮಾತ್ರೆ ಬಿಡಲು ಹೇಳುವ ಅಧಿಕಾರ ಗುಂಪಿನಲ್ಲಿ ಯಾರಿಗೂ ಇಲ್ಲ. ಖಿನ್ನತೆಯ ಔಷಧವನ್ನು ಏಕಾಏಕಿ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೇಡು, ತಳಮಳ ಬರಬಹುದು, ಕಾಯಿಲೆ ಮರುಕಳಿಸಲೂಬಹುದು. "ವಿಶ್ವಾಸ ಇದ್ದರೆ ಔಷಧ ಯಾಕೆ" ಎಂದು ಯಾರಾದರೂ ಪ್ರಾರ್ಥನೆಯ ರೂಪದಲ್ಲೇ ನುಸುಳಿಸುತ್ತಾರೆ, "ಕರ್ತನೇ, ಮಾತ್ರೆಗಳಿಂದ ಇವರನ್ನು ಬಿಡಿಸು" ಅಂತ. ಆಮೆನ್ ಅಂದ ಕೂಡಲೇ, ಎಲ್ಲರ ಎದುರಿಗೇ, "ಡಾಕ್ಟರನ್ನು ಕೇಳದೆ ಏನನ್ನೂ ಬಿಡಬೇಡಿ" ಎಂದು ಹೇಳಿ. ಇದೊಂದನ್ನು ಆಮೇಲೆ ಒಬ್ಬರೇ ಸಿಕ್ಕಾಗ ಹೇಳಿದರೆ ಸಾಲದು. 1 ಅರಸು 19ರಲ್ಲಿ ಸಾವು ಬೇಡಿದ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ. ನಿದ್ದೆ, ರೊಟ್ಟಿ, ನೀರು, ಮತ್ತೆ ನಿದ್ದೆ, ಮತ್ತೆ ರೊಟ್ಟಿ. ಮಾತುಕತೆ ನಡೆದದ್ದು ಅವನು ನಲವತ್ತು ದಿನ ನಡೆದು ಹೋರೇಬ್ ತಲುಪಿದ ಮೇಲೆ.

ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವ ರೂಢಿ ನಿಮ್ಮಲ್ಲಿದ್ದರೆ ಮೊದಲು ಕೇಳಿ, ಇಬ್ಬರಿರಿ. ಬೇರೆ ಕೋಣೆಗೆ ಹೋಗಿ ಮಾತಾಡಬೇಕಾಗಿ ಬಂದರೆ ಬಾಗಿಲು ತೆರೆದಿರಲಿ.

ದುಃಖದಲ್ಲಿದ್ದವರು ಬಂದ ವಾರ ಭಾಗ ಬದಲಿಸಿ ಕೀರ್ತನೆ 13 ಓದಿ. ಆರೇ ವಚನ, "ಎಷ್ಟರವರೆಗೆ" ಎಂಬ ಪ್ರಶ್ನೆ ಮೂಲದಲ್ಲಿ ನಾಲ್ಕು ಸಲ ಬರುತ್ತದೆ, ಕೊನೆಗೆ ಭರವಸೆಗೆ ತಿರುಗುತ್ತದೆ. ಹಾಗೆ ತಿರುಗುವುದು ಇವತ್ತು ಸುಳ್ಳು ಅನಿಸುವಂಥವರಿಗೆ ಕೀರ್ತನೆ 88 ಇದೆ, ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಓದಿ ಸುಮ್ಮನಾಗಿ, ಸಮಾಧಾನದ ಬಾಲ ಅಂಟಿಸಬೇಡಿ. ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಮಾತಾಡದೆ ಕೂತಷ್ಟು ಹೊತ್ತು ಸರಿಯಾಗಿಯೇ ಇದ್ದರು.

ಕೊನೆಬೆಂಚು

ಔಷಧದ ಮಾತು ಎಲ್ಲರ ಎದುರಿಗೇ ಹೇಳಬೇಕೆಂಬುದನ್ನು ಒಪ್ಪುತ್ತೇನೆ. ಉತ್ತರ ಕೊಡಬಾರದೆಂಬ ನನ್ನ ನಿಯಮಕ್ಕೆ ಇದು ಸರಿಯಾದ ವಿನಾಯಿತಿ.

ವಾಟ್ಸಾಪ್: ಬೇಕು, ಆದರೆ ಸೂಚನೆಗಳಿಗೆ ಮಾತ್ರ. ಸ್ಥಳ, ಸಮಯ, ಈ ವಾರದ ಭಾಗ. ಅಡ್ಮಿನ್‌ಗಳು ಮಾತ್ರ ಕಳಿಸುವ ಸೆಟ್ಟಿಂಗ್ ಹಾಕಿಬಿಡಿ, ಇಲ್ಲವಾದರೆ ಮೂರನೇ ವಾರಕ್ಕೆ ಶುಭೋದಯದ ಚಿತ್ರಗಳ ಸಂತೆ. ಪ್ರಾರ್ಥನಾ ವಿಷಯವನ್ನು ಅಲ್ಲಿ ಹಾಕಲೇಬೇಕೆಂದರೆ ಸಂಬಂಧಪಟ್ಟವರ ಒಪ್ಪಿಗೆ ಇರಬೇಕು, ಕಾಯಿಲೆಯ ಹೆಸರು, ಸ್ಕ್ಯಾನ್ ರಿಪೋರ್ಟು, ಫೋಟೋ ಯಾವುದೂ ಬೇಡ. "ನಮ್ಮ ಪಕ್ಕದ ಮನೆಯ ದಂಪತಿಗಾಗಿ ಪ್ರಾರ್ಥಿಸಿ, ಅವರ ಸಂಸಾರ ಒಡೆಯುತ್ತಿದೆ" ಎಂಬಂಥದ್ದು ವಿಜ್ಞಾಪನೆಯ ವೇಷದ ಚಾಡಿ. ಫಾರ್ವರ್ಡ್ ಆಗಿ ಆ ಮನೆಗೇ ತಲುಪುತ್ತದೆ.

ಹಣದ ಬೇಡಿಕೆ ಗುಂಪಿನೊಳಗೆ ಬಂದರೆ ಅಲ್ಲೇ ಸಂಗ್ರಹ ಶುರು ಮಾಡಬೇಡಿ. ಸಭೆಯ ಸಹಾಯನಿಧಿ ನೋಡಿಕೊಳ್ಳುವವರಿಗೆ ದಾಟಿಸಿ. ಕೊಟ್ಟವರು, ಕೊಡದವರು, ಪಡೆದವರು ಮತ್ತೆ ಅದೇ ವೃತ್ತದಲ್ಲಿ ಕೂತು ಮನಬಿಚ್ಚಲಾರರು.

ನೀಲಿ ಪರದೆ

ವೀಡಿಯೋ ಕಾಲ್‌ನವರ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಅರ್ಧ ಮಂದಿ ಕೋಣೆಯಲ್ಲಿ, ಅರ್ಧ ಮಂದಿ ಪರದೆಯಲ್ಲಿ ಎಂಬ ವ್ಯವಸ್ಥೆ ಎಲ್ಲಕ್ಕಿಂತ ಕಷ್ಟದ್ದು. ಆಗುವುದಾದರೆ ತಿಂಗಳಿಗೆ ಒಂದು ವಾರ ಎಲ್ಲರೂ ಆನ್‌ಲೈನ್, ಉಳಿದ ವಾರ ಎಲ್ಲರೂ ಖುದ್ದಾಗಿ. ಬೆರೆಸಲೇಬೇಕೆಂದರೆ ಲ್ಯಾಪ್‌ಟಾಪನ್ನು ಗೋಡೆಯ ಹತ್ತಿರ ಇಡದೆ ವೃತ್ತದೊಳಗೆ ಒಂದು ಕುರ್ಚಿಯ ಮೇಲೆ, ಕೂತವರ ಮುಖದ ಎತ್ತರಕ್ಕೆ ಇಡಿ. ಪರದೆಯವರಿಗೆಂದೇ ಕೋಣೆಯಲ್ಲಿ ಒಬ್ಬರನ್ನು ನೇಮಿಸಿ, "ಈಗ ನಿಮ್ಮ ಸರದಿ" ಎಂದು ಹೆಸರು ಹಿಡಿದು ಕರೆಯುವುದು ಅವರ ಕೆಲಸ. ಮೂರು ಓದಿನಲ್ಲಿ ಒಂದನ್ನು ಪರದೆಯವರಿಗೇ ಕೊಡಿ.

ಆನ್‌ಲೈನ್ ವಾರ 60 ನಿಮಿಷ ಬೇಡ, 45 ಸಾಕು. ಮೌನದ ಹೊತ್ತು ಎಲ್ಲರೂ ಮ್ಯೂಟ್. ಮೌನ ಶುರುವಾಯಿತೆಂದು ಹೇಳದಿದ್ದರೆ ನೆಟ್‌ವರ್ಕ್ ಹೋಯಿತೆಂದು ಜನ ಹೊರಗೆ ಹೋಗಿ ಮತ್ತೆ ಒಳಬರುತ್ತಾರೆ. ಕರ್ತನ ಪ್ರಾರ್ಥನೆಯನ್ನು ಎಲ್ಲರೂ ಮೈಕ್ ತೆರೆದು ಒಟ್ಟಿಗೆ ಹೇಳಲು ಹೋಗಬೇಡಿ. ಪ್ರತಿಯೊಬ್ಬರ ದನಿ ಬೇರೆ ಬೇರೆ ವಿಳಂಬದಲ್ಲಿ ತಲುಪಿ ಗೊಂದಲವಾಗುತ್ತದೆ. ಒಬ್ಬರ ಮೈಕ್ ಮಾತ್ರ ತೆರೆದಿರಲಿ, ಉಳಿದವರು ತಮ್ಮ ಮನೆಯಲ್ಲೇ ಗಟ್ಟಿಯಾಗಿ ಹೇಳಲಿ. ಗಿಟಾರೋ ಹಾರ್ಮೋನಿಯಮ್ಮೋ ಇದ್ದರೆ ಝೂಮ್‌ನಲ್ಲಿ 'ಒರಿಜಿನಲ್ ಸೌಂಡ್' ಆನ್ ಮಾಡಿ, ಇಲ್ಲವಾದರೆ ವಾದ್ಯದ ನಾದವನ್ನು ಗದ್ದಲವೆಂದು ತಿಳಿದು ಆ್ಯಪ್ ಕತ್ತರಿಸುತ್ತದೆ. ರೆಕಾರ್ಡಿಂಗ್ ಯಾವ ಕಾರಣಕ್ಕೂ ಬೇಡ.

ಸಾಸಿವೆಕಾಳು

ಬಹಳ ಉಪಕಾರ. ಹಾಳೆ, ನೋಟ್‌ಬುಕ್, ಸಹಾಯಕರು ಮೂರನ್ನೂ ಈ ವಾರವೇ ಹೊಂದಿಸುತ್ತೇನೆ. ಇನ್ನೊಂದೇ ಪ್ರಶ್ನೆ: ಒಂದೆರಡು ತಿಂಗಳಾದ ಮೇಲೆ "ನನಗೆ ಏನೂ ಅನಿಸುತ್ತಿಲ್ಲ, ಗಡಿಯಾರ ನೋಡುತ್ತಾ ಕೂರುತ್ತೇನೆ" ಅನ್ನುವವರಿಗೆ ಏನು ಹೇಳುವುದು?

ಮೂರನೇ ಜಾವ

ಹೊಸ ರೋಗವೇನಲ್ಲ. ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಇವಾಗ್ರಿಯಸ್ ಇದನ್ನೇ ಬರೆದಿದ್ದಾನೆ: ಮಧ್ಯಾಹ್ನದ ಹೊತ್ತು ಸಂನ್ಯಾಸಿಗೆ ಸೂರ್ಯ ಚಲಿಸುತ್ತಲೇ ಇಲ್ಲ ಅನಿಸುತ್ತದೆ, ಊಟದ ವೇಳೆ ಆಯಿತೇ ಎಂದು ಮತ್ತೆ ಮತ್ತೆ ಹೊರಗೆ ಇಣುಕುತ್ತಾನೆ, ಬೇರೆ ಜಾಗಕ್ಕೆ ಹೋದರೆ ಎಲ್ಲ ಸರಿಹೋದೀತು ಅನಿಸತೊಡಗುತ್ತದೆ. ಅದಕ್ಕೆ ಅವನ ಮದ್ದು, ಆ ಹೊತ್ತು ಜಾಗ ಬಿಟ್ಟು ಕದಲದಿರುವುದು.

ಮೊದಲು ನಿದ್ದೆ ಸರಿಯಾಗಿದೆಯೇ ಕೇಳಿ. ದಿನವಿಡೀ ದುಡಿದು ಬಂದವರಿಗೆ ಸಂಜೆಯ ಮೌನದಲ್ಲಿ ಕಣ್ಣು ಎಳೆಯುವುದು ಪಾಪವಲ್ಲ. ಜೊತೆಗೆ ಊಟ ಸೇರದಿರುವುದು, ಇಷ್ಟದ ಕೆಲಸವೂ ಬೇಡವಾಗುವುದು ವಾರಗಟ್ಟಲೆ ನಡೆದಿದ್ದರೆ ತೆರೆದ ಬಾಗಿಲು ಹೇಳಿದ ದಾರಿ, ಅಂದರೆ ವೈದ್ಯರು. ಅವೆರಡೂ ಅಲ್ಲವಾದರೆ ಬಿಡದೆ ಬರಲು ಹೇಳಿ, ಆದರೆ ಕೆಲಸ ಬದಲಿಸಿ: ಆ ತಿಂಗಳು ಅವರೇ ಓದುವವರಾಗಲಿ, ಇಲ್ಲವೇ ಹಾಳೆ ಮುದ್ರಿಸಿ ತರಲಿ.

ಮನೆಯಲ್ಲಿ ಮಾಡಲು ಜೆಸ್ವಿಟ್ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೋಲನ ದಿನದ ಪರಿಶೀಲನೆ ಕೊಡಿ, ಮಲಗುವ ಮುನ್ನ 10 ನಿಮಿಷ: ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ಬೆಳಗಿನಿಂದ ಗಂಟೆಗಂಟೆಯಾಗಿ ದಿನದ ಅವಲೋಕನ, ಕ್ಷಮೆ, ನಾಳೆಗೊಂದು ನಿರ್ಧಾರ. ಇದರಲ್ಲಿ ಬಹಳ ಮಂದಿ ಜಾರುವುದು ಮೂರನೆಯದರಲ್ಲಿ, ತಪ್ಪುಗಳ ಪಟ್ಟಿಯಷ್ಟೇ ಮಾಡಿ ಮಲಗುತ್ತಾರೆ. ಮೊದಲ ಎರಡು ವಾರ ಕೃತಜ್ಞತೆಗೇ ಐದು ನಿಮಿಷ ಕೊಡಲಿ, ಅದೂ "ಆರೋಗ್ಯ, ಕುಟುಂಬ" ಎಂದು ಸಾರಾಸಗಟಾಗಿ ಬೇಡ. ಇವತ್ತು ಇಂಥ ಹೊತ್ತಿಗೆ, ಇಂಥವರು, ಇಂಥದ್ದು ಮಾಡಿದರು ಎಂದು ಬಿಡಿಬಿಡಿಯಾಗಿ.